ಹೆದರ್ ಗುಡ್ಡದ ಮೇಲಿಂದ ಅಪ್ಪನಿಗೊಂದು ಫೋನ್

ಇವತ್ತು ನಿಮ್ಮನ್ನು ಒಂದು ಗುಡ್ಡ ಹತ್ತಿಸ್ತೀನಿ. ದೊಡ್ಡ ಪರ್ವತ ಏನಲ್ಲ. ಹಗ್ಗ ಬೇಡ, ಗೈಡ್ ಬೇಡ. ಒಂದು ಒಳ್ಳೆ ಶೂ, ಒಂದು ರೇನ್ ಜಾಕೆಟ್, ನಾಲ್ಕು ಗಂಟೆ ಟೈಮ್ ಇದ್ರೆ ಸಾಕು. ಆದ್ರೆ ಆ ಗುಡ್ಡದ ಮೇಲೆ ನಾನು ಒಂದು ವರ್ಷದಿಂದ ಹೇಳದೇ ಬಚ್ಚಿಟ್ಟಿದ್ದ ಒಂದು ಮಾತು ಹೊರಗೆ ಬಂತು. ಅದಕ್ಕೇ ಈ ಎಪಿಸೋಡ್.

ಗುಡ್ಡ ಇರೋದು ಸ್ಕಾಟ್ಲೆಂಡಿನ ಹೈಲ್ಯಾಂಡ್ಸ್‌ನಲ್ಲಿ, ಕೇರ್ನ್‌ಗಾರ್ಮ್ಸ್ ಅನ್ನೋ ರಾಷ್ಟ್ರೀಯ ಉದ್ಯಾನದ ಒಳಗೆ. ಹೆಸರು ಗೇಲಿಕ್ ಭಾಷೆಯದ್ದು. ನಾನು ಕೇಳಿಸ್ಕೊಂಡ ಹಾಗೆ ಹೇಳ್ತೀನಿ, ತಪ್ಪಿದ್ರೆ ಕ್ಷಮಿಸಿ: 'ಮ್ಯಾಲ್ ಅ ವೂಅಖಿಲ್'. ನಾನು ಗದಗ ಕಡೆಯವನು. ನಮ್ಮಲ್ಲಿ 'ಮ್ಯಾಲ' ಅಂದ್ರೆ ಮೇಲೆ. ಹಾಗಾಗಿ ಹೆಸರಿನ ಅರ್ಧ ಭಾಗ ನನಗೆ ಮೊದಲ ದಿನವೇ ಬಾಯಿಪಾಠ ಆಯ್ತು. ಉಳಿದರ್ಧದ ಅರ್ಥ ಆಮೇಲೆ ಗೊತ್ತಾಯ್ತು, ಅದನ್ನು ಆಮೇಲೇ ಹೇಳ್ತೀನಿ.

ಎತ್ತರ 810 ಮೀಟರ್. ನಗಬೇಡಿ. ಬೆಂಗಳೂರೇ ಸಮುದ್ರಮಟ್ಟದಿಂದ 900 ಮೀಟರ್‌ಗಿಂತ ಮೇಲಿದೆ. ಅಂದ್ರೆ ಮೆಜೆಸ್ಟಿಕ್‌ನಲ್ಲಿ ಬಸ್ಸಿಗೆ ಕಾಯ್ತಾ ನಿಂತವರು ಈ ಶಿಖರಕ್ಕಿಂತ ಎತ್ತರದಲ್ಲಿ ನಿಂತಿರ್ತಾರೆ. ಇಡೀ ಬ್ರಿಟನ್ನಿನ ಅತಿ ಎತ್ತರದ ಬೆನ್ ನೆವಿಸ್ 1,345 ಮೀಟರ್, ನಮ್ಮ ನಂದಿ ಬೆಟ್ಟಕ್ಕಿಂತ ಕಮ್ಮಿ. ಆದ್ರೆ ಎತ್ತರದ ಲೆಕ್ಕ ಇಲ್ಲಿ ನಡೆಯಲ್ಲ. ಇದು 57 ಡಿಗ್ರಿ ಉತ್ತರ ಅಕ್ಷಾಂಶ. ಆರುನೂರು ಮೀಟರ್ ದಾಟೋ ಹೊತ್ತಿಗೆ ಮರಗಳೇ ಕೈಚೆಲ್ಲುತ್ತವೆ. ಎದುರಿಗೇ ಕಾಣೋ ಕೇರ್ನ್ ಗಾರ್ಮ್ ಶಿಖರದ ಮೇಲೆ 1986ರ ಮಾರ್ಚ್‌ನಲ್ಲಿ ಗಾಳಿ ಗಂಟೆಗೆ 173 ಮೈಲಿ ವೇಗದಲ್ಲಿ ಬೀಸಿದ್ದು ದಾಖಲಾಗಿದೆ. ಅಂಥ ಊರಿನ 810 ಮೀಟರ್ ಇದು.

ಈಗ ನನ್ನ ವಿಷಯ. ನಾನು ಎಡಿನ್‌ಬರೋಗೆ ಓದೋಕೆ ಬಂದವನು. ನಮ್ಮ ಮನೆಯವರು ಕುರಿ ಕಾಯೋರು. ಅಜ್ಜ ಕಪ್ಪತಗುಡ್ಡದ ಸುತ್ತಮುತ್ತ ಕುರಿ ಮೇಯಿಸಿದವನು, ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು. ಅಪ್ಪನೂ ಅದೇ. ನನ್ನ ಓದಿಗೆ ಬ್ಯಾಂಕ್ ಸಾಲ ಸಾಲಲಿಲ್ಲ. ಅಪ್ಪ ಹಿಂಡನ್ನೇ ಮಾರಿದ್ರು. ಅರವತ್ತು ಕುರಿ. "ನನಗೂ ವಯಸ್ಸಾತು, ಮನ್ಯಾಗ ಕುಂದರ್ತೀನಿ, ನೀ ಹೋಗು" ಅಂದ್ರು.

ಕೋರ್ಸ್ ಮುಗೀತು. ಕೆಲಸ ಹುಡುಕೋಕೆ ಎರಡು ವರ್ಷದ ವೀಸಾ ಸಿಕ್ತು. ಅದರಲ್ಲಿ ಒಂದು ವರ್ಷ ಅರ್ಜಿ ಹಾಕೋದರಲ್ಲೇ ಹೋಯ್ತು. ಓದಿದ್ದಕ್ಕೆ ಸಂಬಂಧಪಟ್ಟ ಕೆಲಸ ಸಿಗಲಿಲ್ಲ. ಒಂದು ಗೋಡೌನಿನಲ್ಲಿ ರಾತ್ರಿ ಪಾಳಿ, ಡಬ್ಬ ಎತ್ತಿ ಇಡೋದು. ಮನೆಗೆ ಏನು ಹೇಳಿದ್ದೆ? "ಕಂಪನಿ ಕೆಲಸ ಅಪ್ಪಾ" ಅಂತ. ಸುಳ್ಳು ಅಂತಲೂ ಅನ್ನೋಕಾಗಲ್ಲ, ನಿಜ ಅಂತಲೂ ಅನ್ನೋಕಾಗಲ್ಲ. ನಿಮ್ಮಲ್ಲಿ ಎಷ್ಟೋ ಜನರಿಗೆ ಈ ಥರದ ವಾಕ್ಯ ಗೊತ್ತಿರುತ್ತೆ.

ಆಗಸ್ಟ್ ಕೊನೆ ವಾರ ಎರಡು ದಿನ ರಜೆ ಸಿಕ್ತು. ರೂಮಲ್ಲಿ ಕೂತು ಮತ್ತೆ ಅರ್ಜಿ ತುಂಬೋಕೆ ಮನಸ್ಸಾಗಲಿಲ್ಲ. ಆಗಸ್ಟ್‌ನಲ್ಲಿ ಹೈಲ್ಯಾಂಡ್ಸ್ ಗುಡ್ಡಗಳೆಲ್ಲ ನೇರಳೆ ಬಣ್ಣ ಆಗುತ್ತವೆ ಅಂತ ಕೇಳಿದ್ದೆ. ಬೆಳಗಿನ ಟ್ರೇನ್ ಹತ್ತಿ ಎವಿಮೋರ್‌ನಲ್ಲಿ ಇಳಿದೆ. ಅಲ್ಲಿಂದ ಬಸ್ಸಲ್ಲಿ ಗ್ಲೆನ್‌ಮೋರ್. ಲಾಖ್ ಮೋರ್ಲಿಖ್ ಅನ್ನೋ ಕೆರೆಯ ಪಕ್ಕದ ಸಣ್ಣ ಜಾಗ. ನಡಿಗೆ ಶುರುವಾಗೋದು ಅಲ್ಲಿಂದ.

ಮೊದಲ ಮುಕ್ಕಾಲು ಗಂಟೆ ಕಾಡಿನ ದಾರಿ. ಹಳೇ ಸ್ಕಾಟ್ಸ್ ಪೈನ್ ಮರಗಳು, ಕೆಂಪು ತೊಗಟೆ. ದಾರಿ ಸಮತಟ್ಟು, ಚಪ್ಪಲಿ ಹಾಕ್ಕೊಂಡೂ ಹೋಗಬಹುದು. ಬಲಗಡೆ ಒಂದು ಕೊಳ ಸಿಗುತ್ತೆ, ಹೆಸರೇ 'ಹಸಿರು ಕೊಳ'. ನೀರು ನಿಜವಾಗ್ಲೂ ಹಸಿರು. ಯಕ್ಷಿಣಿಯರು ತಮ್ಮ ಬಟ್ಟೆ ಒಗೆದು ಒಗೆದು ನೀರು ಹಸಿರಾಯ್ತು ಅನ್ನೋದು ಇಲ್ಲಿನ ಕಥೆ. ನಮ್ಮೂರ ಹೊಂಡಕ್ಕೂ ಇಂಥದ್ದೇ ಒಂದು ಕಥೆ ಇರುತ್ತಲ್ಲ, ಹಾಗೆ.

ಕೊಳ ದಾಟಿದ ಮೇಲೆ ಮರ ಕಮ್ಮಿಯಾಗಿ ಕಣಿವೆ ತೆರೆದುಕೊಳ್ಳುತ್ತೆ. ಈ ಕಣಿವೆಯಲ್ಲಿ ಹಾದು ಹೋಗೋ ಹಳೇ ದಾರಿಗೆ 'ಕಳ್ಳರ ದಾರಿ' ಅಂತಲೇ ಹೆಸರು. ಯಾವ ಕಳ್ಳರು? ದನಗಳ್ಳರು. ರಾತ್ರೋರಾತ್ರಿ ಬೇರೆ ಸೀಮೆಯ ದನ ಹೊಡ್ಕೊಂಡು ಇದೇ ಕಣಿವೆಯಲ್ಲಿ ನುಸುಳ್ತಿದ್ದರಂತೆ. ಸ್ವಲ್ಪ ಮುಂದೆ ರೈವೋನ್ ಬಾಥಿ. ಬಾಥಿ ಅಂದ್ರೆ ಬೀಗ ಇಲ್ಲದ ಕಲ್ಲಿನ ಮನೆ. ಯಾರು ಬೇಕಾದ್ರೂ ಒಳಗೆ ಹೋಗಿ ಮಳೆ ನಿಲ್ಲೋವರೆಗೆ ಕೂರಬಹುದು, ರಾತ್ರಿ ಮಲಗಬಹುದು, ದುಡ್ಡು ಕೊಡಬೇಕಿಲ್ಲ. ಸ್ವಯಂಸೇವಕರು ನೋಡ್ಕೋತಾರೆ. ಬಾಡಿಗೆಗೇ ಅರ್ಧ ಸಂಬಳ ಹೋಗೋ ನನಗೆ ಆ ಮನೆ ನೋಡಿ ಒಂಥರಾ ಖುಷಿಯಾಯ್ತು.

ಇನ್ನೊಂದು ವಿಷಯ. ಇಲ್ಲಿ ಗುಡ್ಡ ಹತ್ತೋಕೆ ಟಿಕೆಟ್ ಇಲ್ಲ, ಆನ್‌ಲೈನ್ ಬುಕಿಂಗ್ ಇಲ್ಲ. 2003ರ ಭೂಸುಧಾರಣಾ ಕಾಯ್ದೆ ಪ್ರಕಾರ ಸ್ಕಾಟ್ಲೆಂಡ್‌ನಲ್ಲಿ ಜಮೀನು ಯಾರದ್ದೇ ಇರಲಿ, ಜವಾಬ್ದಾರಿಯಿಂದ ನಡೆಯೋ ಹಕ್ಕು ಎಲ್ಲರಿಗೂ ಇದೆ. 'ಎಲ್ಲರಿಗೂ' ಅಂದ್ರೆ ವೀಸಾ ಮೇಲೆ ಬಂದವನಿಗೂ.

ಬಾಥಿಯ ಹಿಂದಿನಿಂದ ಎಡಕ್ಕೆ ತಿರುಗಿದ್ರೆ ಏರು ಶುರು. ಅಲ್ಲೇ ನಾನು ಮೊದಲ ಸಲ ಹೆದರ್ ಹತ್ತಿರದಿಂದ ನೋಡಿದ್ದು. ಗಿಡದ ಹೆಸರೇ ಹೆದರ್. ಅಮ್ಮನಿಗೆ ಹಿಂದೆ ಫೋಟೋ ಕಳಿಸಿ ಹೆಸರು ಹೇಳಿದಾಗ "ಯಾಕ ಹೆದರಬೇಕು ಅದಕ್ಕ?" ಅಂದಿದ್ದಳು. ಹೆದರೋ ಅಂಥದ್ದೇನಿಲ್ಲ. ಮೊಣಕಾಲಿಗೂ ಬಾರದ ಪೊದೆ, ಕಟ್ಟಿಗೆಯಂಥ ಕಾಂಡ, ಸಾಸಿವೆ ಕಾಳಿನಷ್ಟು ಎಲೆ. ಒಂದೊಂದು ಹೂವು ನೋಡಿದ್ರೆ ಏನೂ ಅನ್ಸಲ್ಲ. ಆದ್ರೆ ಇಡೀ ಗುಡ್ಡಕ್ಕೆ ಗುಡ್ಡವೇ ಹೂ ಬಿಟ್ಟಾಗ ಯಾರೋ ಮೇಲಿಂದ ನೇರಳೆ ಕಂಬಳಿ ಹೊದಿಸಿದ ಹಾಗೆ. ಇದರಲ್ಲಿ ಎರಡು ಮೂರು ಜಾತಿ. 'ಬೆಲ್ ಹೆದರ್' ಅನ್ನೋದು ಬೇಸಿಗೆ ಶುರುವಲ್ಲೇ ಗಾಢ ಬಣ್ಣದ ಗಂಟೆಯಂಥ ಹೂ ಬಿಡುತ್ತೆ. ಆಗಸ್ಟ್‌ನಲ್ಲಿ ಗುಡ್ಡ ತುಂಬೋದು 'ಲಿಂಗ್', ತಿಳಿ ನೇರಳೆ. ಜೇನುಹುಳಗಳ ಸದ್ದು ಗಾಳಿ ನಿಂತಾಗ ಮಾತ್ರ ಕೇಳುತ್ತೆ. ಹೆದರ್ ಜೇನು ಎಷ್ಟು ಗಟ್ಟಿ ಅಂದ್ರೆ ಜೆಲ್ಲಿ ಥರ ಇರುತ್ತೆ. ಹಿಂದೆ ಇದೇ ಗಿಡದಿಂದ ಪೊರಕೆ ಕಟ್ಟುತ್ತಿದ್ದರು, ಮನೆಗೆ ಹೊದಿಕೆ ಹಾಕುತ್ತಿದ್ದರು.

ನೋಡಿದ್ರೆ ಇದೆಲ್ಲ ಕಾಡು ಪ್ರಕೃತಿ ಅನ್ಸುತ್ತೆ. ಆದ್ರೆ ಹೈಲ್ಯಾಂಡ್ಸ್‌ನ ಎಷ್ಟೋ ಹೆದರ್ ಬಯಲುಗಳನ್ನು ಹಾಗೇ ಉಳಿಸಿರೋದು ಮನುಷ್ಯರು. ಮರ ಕಡಿದ್ರು, ಕುರಿ, ಜಿಂಕೆ ಮೇಯ್ದವು, ಚಿಗುರು ಬರಲಿ ಅಂತ ತುಂಡು ತುಂಡಾಗಿ ಬೆಂಕಿ ಕೊಟ್ರು. ಗ್ರೌಸ್ ಅನ್ನೋ ಕೋಳಿಯಂಥ ಹಕ್ಕಿ ಆ ಚಿಗುರು ತಿನ್ನುತ್ತೆ, ಆ ಹಕ್ಕಿಯನ್ನು ಶ್ರೀಮಂತರು ಆಗಸ್ಟ್ 12ರಿಂದ ಬೇಟೆಯಾಡ್ತಾರೆ. ಇಲ್ಲಿ ಗ್ಲೆನ್‌ಮೋರ್ ಸುತ್ತ ಈಗ ಉಲ್ಟಾ ಕೆಲಸ ನಡೀತಿದೆ: ಜಿಂಕೆ ಸಂಖ್ಯೆ ಹತೋಟಿಯಲ್ಲಿಟ್ಟು ಕಾಡು ತಾನಾಗೇ ಮೇಲಕ್ಕೆ ಹತ್ತೋಕೆ ಬಿಟ್ಟಿದ್ದಾರೆ. ಹೆದರ್ ನಡುವೆ ಮೊಣಕಾಲೆತ್ತರದ ಪೈನ್ ಸಸಿಗಳು ಅಲ್ಲಲ್ಲಿ ತಲೆ ಎತ್ತಿದ್ದವು.

ದಾರಿ ಕಲ್ಲಿನ ಮೆಟ್ಟಿಲು ಹಾಕಿದ ದಾರಿ. ಅದನ್ನು ಬಿಡದೇ ಹತ್ತಿದ್ರೆ ಏನೂ ಆಗಲ್ಲ. ನಾನು ಬಿಟ್ಟೆ. ಯಾಕೆ? ರೀಲ್ ಮಾಡೋಕೆ. ನೇರಳೆ ಹೂವಿನ ಮಧ್ಯೆ ನಡ್ಕೊಂಡು ಹೋಗೋ ಹದಿನೈದು ಸೆಕೆಂಡ್ ವಿಡಿಯೋ. ಊರಲ್ಲಿ ನೋಡಿದವರಿಗೆ "ಹುಡುಗ ಆರಾಮಾಗಿದಾನೆ" ಅನ್ನಿಸಬೇಕಲ್ಲ.

ಹೆದರ್ ಮೇಲಿಂದ ಹಾಸಿಗೆ ಥರ ಕಾಣುತ್ತೆ. ಅದರ ಕೆಳಗೆ ಏನಿದೆ ಅಂತ ಗೊತ್ತಾಗಲ್ಲ. ಕಲ್ಲು, ಸಂದು, ಪೀಟ್ ಮಣ್ಣಿನ ಗುಂಡಿ. ಪೀಟ್ ಅಂದ್ರೆ ಪೂರ್ತಿ ಕೊಳೆಯದ ಗಿಡಗಳಿಂದಾದ ಕಪ್ಪು ಮಣ್ಣು, ವರ್ಷಕ್ಕೆ ಒಂದು ಮಿಲಿಮೀಟರ್ ಲೆಕ್ಕದಲ್ಲಿ ಸಾವಿರಾರು ವರ್ಷ ಬೆಳೆದದ್ದು, ಸ್ಪಂಜಿನ ಹಾಗೆ ನೀರು ಹಿಡಿದಿರುತ್ತೆ. ನಾಲ್ಕನೇ ಹೆಜ್ಜೆಗೆ ಹೂವು ಮುಗೀತು, ಐದನೇ ಹೆಜ್ಜೆ ಮೊಣಕಾಲವರೆಗೆ ಗುಂಡಿಗೆ ಹೋಯ್ತು. ಪಾದ ಉಳುಕಿತು. ಕಾಲು ಎಳ್ಕೊಂಡು ಎದ್ದು, ಇನ್ನೂ ಸ್ವಲ್ಪ ಮುಂದೆ ಒಣ ಜಾಗ ಇದೆ ಅಂತ ಹೋಗಿ ಕೂತೆ. ಅಷ್ಟರಲ್ಲಿ ಮೋಡ ಇಳೀತು.

ಮೋಡ ಅಂದ್ರೆ ನಮ್ಮ ಮುಳ್ಳಯ್ಯನಗಿರಿ ಮಂಜಿನ ಥರ ಚೆಂದ ಅಂತ ಅಂದ್ಕೊಂಡಿದ್ದೆ. ಎರಡು ನಿಮಿಷದಲ್ಲಿ ಕೈ ಚಾಚಿದಷ್ಟೇ ಜಗತ್ತು ಉಳೀತು. ದಾರಿ ಯಾವ ಕಡೆ ಅಂತ ಗೊತ್ತಾಗಲಿಲ್ಲ. ಎಲ್ಲಾ ಕಡೆ ಅದೇ ಪೊದೆ. ಶೂ ಒಳಗೆ ನೀರು, ಗಾಳಿಗೆ ಮೈ ನಡುಗೋಕೆ ಶುರು. ಫೋನ್ ನೋಡಿದ್ರೆ ಚಾರ್ಜ್ 22. ಎಲ್ಲೋ ಹತ್ತಿರದಲ್ಲಿ ಒಂದು ಹಕ್ಕಿ ಗೊರಗೊರ ಅಂತ ಕೂಗ್ತಾ ಹಾರಿತು. ಅದೇ ಗ್ರೌಸ್. ಇಲ್ಲಿನವರು ಅದರ ಕೂಗನ್ನು 'ಗೋ ಬ್ಯಾಕ್, ಗೋ ಬ್ಯಾಕ್' ಅಂತ ಹೇಳ್ತಾರೆ. ವೀಸಾ ಚಿಂತೆಯಲ್ಲಿ ಇರೋನಿಗೆ ಹಕ್ಕಿನೂ ಅದನ್ನೇ ಹೇಳಿದ್ರೆ ಹೇಗಿರುತ್ತೆ ಹೇಳಿ. ಈಗ ನಗು ಬರುತ್ತೆ. ಆಗ ನಗು ಬರಲಿಲ್ಲ. ನಿಜ ಹೇಳ್ತೀನಿ, ಹೆದರಿದೆ.

ಅವತ್ತು ನಾನು ಮಾಡಿದ ಒಂದೇ ಸರಿಯಾದ ಕೆಲಸ ಅಂದ್ರೆ ಎದ್ದು ಓಡಾಡದೇ ಇದ್ದದ್ದು. ಅಜ್ಜ ಹೇಳ್ತಿದ್ದ: ಕತ್ತಲಲ್ಲಿ ಹಿಂಡು ಚೆದುರಿದ್ರೆ ಹುಡುಕೋಕೆ ಹೋಗಬೇಡ, ಇದ್ದಲ್ಲೇ ನಿಂತು ಕೂಗು. ಕೂಗಿದೆ. ಇಂಗ್ಲಿಷ್‌ನಲ್ಲಿ ಏನು ಕೂಗಬೇಕು ಅಂತಲೇ ಹೊಳೀಲಿಲ್ಲ. "ಹೋಯ್" ಅಂತ, ಕುರಿ ಕರೆಯೋ ಹಾಗೆ. ಐದಾರು ಸಲ. ಒಂದು ನಾಯಿ ಬೊಗಳಿತು. ಆಮೇಲೆ ಒಬ್ಬ ಹೆಂಗಸಿನ ದನಿ: ಅಲ್ಲೇ ಇರು, ನನ್ನ ದನಿ ಕಡೆ ನಿಧಾನ ಬಾ ಅಂತ. ಹೋದೆ. ಎಷ್ಟು ದೂರ ಇತ್ತು ಗೊತ್ತಾ ದಾರಿ? ಇಪ್ಪತ್ತು ಹೆಜ್ಜೆ.

ಎಪ್ಪತ್ತರ ಆಸುಪಾಸಿನ ಅಜ್ಜಿ. ಕೈಯಲ್ಲಿ ಎರಡು ಕೋಲು, ಕಾಲ ಬಳಿ ಕಪ್ಪು ಬಿಳುಪು ನಾಯಿ. ಬೈಯ್ಯಲಿಲ್ಲ. ಫ್ಲಾಸ್ಕಿನಿಂದ ಟೀ ಕೊಟ್ಟು, ಪಾದ ನೋಡಿ, ಒಣ ಸಾಕ್ಸ್ ಇದೆಯಾ ಅಂತ ಕೇಳಿದ್ರು. ಇರಲಿಲ್ಲ. ತಮ್ಮದೇ ಒಂದು ಜೊತೆ ಕೊಟ್ರು. ವಿಸಿಲ್ ಇದೆಯಾ? ಇಲ್ಲ. ಮ್ಯಾಪ್? ಫೋನಲ್ಲಿದೆ. ಅವರು ಫೋನ್ ಕಡೆ ನೋಡಿದ ರೀತಿಗೆ ನಾನು ಜೇಬಿಗೆ ಹಾಕ್ಕೊಂಡೆ.

ಕೇಳ್ತಿರೋರಲ್ಲಿ ಯಾರಾದ್ರೂ ಈ ಕಡೆ ಗುಡ್ಡ ಹತ್ತೋರಿದ್ರೆ ಇಷ್ಟು ನೆನಪಿಡಿ. ವಿಸಿಲ್ ಇಟ್ಕೊಳಿ, ನಿಮಿಷಕ್ಕೆ ಆರು ಸಲ ಊದಿದ್ರೆ ಅದು ಸಹಾಯಕ್ಕೆ ಕರೆ. ಫೋನ್ ಸಿಕ್ಕಿದ್ರೆ 999, ಮೊದಲು ಪೊಲೀಸ್ ಕೇಳಿ, ಆಮೇಲೆ ಮೌಂಟೇನ್ ರೆಸ್ಕ್ಯೂ. ಪರ್ವತ ಪ್ರದೇಶದ ಹವಾಮಾನ ವರದಿ ಬೇರೆ ಇರುತ್ತೆ, ಊರಿನದ್ದು ನೋಡಿ ಹೋಗಬೇಡಿ. ವಾಪಸ್ ಬಂದ ಮೇಲೆ ಕಾಲಲ್ಲಿ ಉಣ್ಣೆ ಹತ್ತಿದೆಯಾ ನೋಡ್ಕೊಳಿ. ಉಣ್ಣೆ ಅಂದ್ರೆ ಕಂಬಳಿದಲ್ಲ, ರಕ್ತ ಹೀರೋದು.

ಇಬ್ಬರೂ ಒಟ್ಟಿಗೆ ಹತ್ತಿದ್ವಿ, ಅವರು ಮುಂದೆ, ನಾನು ಕುಂಟ್ತಾ ಹಿಂದೆ. ಎಲ್ಲಿಯವನು, ಮನೇಲಿ ಏನ್ ಮಾಡ್ತಾರೆ ಅಂತ ಕೇಳಿದ್ರು. ಕುರಿ ಕಾಯ್ತಾರೆ, ಅಂದ್ರೆ ಕಾಯ್ತಿದ್ರು ಅಂದೆ. ಅವರು ನಿಂತುಬಿಟ್ರು. "ಹಾಗಾದ್ರೆ ಸರಿಯಾದ ಗುಡ್ಡಕ್ಕೇ ಬಂದಿದೀಯ" ಅಂದ್ರು. ಆಗ ಗೊತ್ತಾಯ್ತು ಹೆಸರಿನ ಇನ್ನರ್ಧ. 'ಬುಅಖಿಲ್' ಅಂದ್ರೆ ದನಕರು, ಕುರಿ ಕಾಯೋನು. ಮ್ಯಾಲ್ ಅಂದ್ರೆ ದುಂಡನೆ ಗುಡ್ಡ. ಕುರುಬನ ಗುಡ್ಡ.

ಈ ಕಣಿವೆಗಳಲ್ಲಿ ಹಿಂದೆ ಬೇಸಿಗೆ ಬಂದ್ರೆ ಜನ ದನಗಳನ್ನು ಹೊಡ್ಕೊಂಡು ಮೇಲೆ ಬರ್ತಿದ್ರಂತೆ, ಹುಲ್ಲಿನ ಗುಡಿಸಲು ಹಾಕ್ಕೊಂಡು ತಿಂಗಳುಗಟ್ಟಲೆ ಇದ್ದು, ಬೆಣ್ಣೆ, ಚೀಸ್ ಮಾಡ್ಕೊಂಡು ಇಳೀತಿದ್ರಂತೆ. ನಮ್ಮವರು ಮಳೆ ನೋಡ್ಕೊಂಡು ಹಿಂಡು ಕಟ್ಕೊಂಡು ಊರೂರು ಹೋಗಿ, ರೈತರ ಹೊಲದಲ್ಲಿ ಕುರಿ ನಿಲ್ಲಿಸ್ತಾರಲ್ಲ, ಅದೇ ಬಾಳು. ಆಮೇಲೆ ಏನಾಯ್ತು? 18ನೇ ಶತಮಾನದ ಕೊನೆಯಿಂದ ಹೈಲ್ಯಾಂಡ್ಸ್‌ನ ಬಹಳ ಕಡೆ ಜಮೀನ್ದಾರರು ಲಾಭಕ್ಕೋಸ್ಕರ ದೊಡ್ಡ ದೊಡ್ಡ ಕುರಿ ಫಾರಂ ತಂದ್ರು, ಜನರನ್ನು ಎಬ್ಬಿಸಿದ್ರು. ಎಷ್ಟೋ ಮಂದಿ ಕರಾವಳಿಗೆ, ಕೆನಡಾಗೆ ಹೋದ್ರು. 1792ರಲ್ಲಿ ರಾಸ್ ಸೀಮೆಯ ಜನ ಸಿಟ್ಟಿಗೆದ್ದು ಆ ಕುರಿ ಹಿಂಡುಗಳನ್ನೇ ಹೊರಗೆ ಅಟ್ಟೋಕೆ ಹೊರಟಿದ್ರು. ಆ ವರ್ಷವನ್ನು ಇವತ್ತಿಗೂ 'ಕುರಿಗಳ ವರ್ಷ' ಅಂತಾರೆ. ನಮ್ಮ ಮನೇಲಿ ಕುರಿ ಅಂದ್ರೆ ಅನ್ನ. ಇಲ್ಲಿ ಅದೇ ಪ್ರಾಣಿ ಹೆಸರಲ್ಲಿ ಊರು ಖಾಲಿಯಾಗಿದೆ. ತಪ್ಪು ಕುರಿಯದ್ದಲ್ಲ, ಲೆಕ್ಕ ಹಾಕಿದವರದ್ದು.

ಇನ್ನೊಂದು ಕಥೆನೂ ಹೇಳಿದ್ರು. ಎದುರಿನ ಇಳಿಜಾರಲ್ಲಿ ಹಿಮಸಾರಂಗಗಳಿವೆ, ಬ್ರಿಟನ್ನಲ್ಲಿ ಬಯಲಲ್ಲಿ ಮೇಯೋ ಹಿಂಡು ಅದೊಂದೇ. ಅದನ್ನು 1952ರಲ್ಲಿ ತಂದವರು ಮಿಕೆಲ್ ಉಟ್ಸಿ, ಸ್ವೀಡನ್ನಿನ ಸಾಮಿ ಜನಾಂಗದ ಸಾರಂಗ ಕಾಯೋ ಮನುಷ್ಯ. 1947ರಲ್ಲಿ ಇಲ್ಲಿಗೆ ಬಂದಾಗ ಈ ಗುಡ್ಡ ನೋಡಿ ತನ್ನೂರಿನ ಹಾಗೇ ಇದೆ, ತನ್ನ ಪ್ರಾಣಿಗಳು ಇಲ್ಲಿ ಬದುಕ್ತಾವೆ ಅನ್ನಿಸಿತಂತೆ. ಕಾಯೋನ ಕಣ್ಣು ಎಲ್ಲಿ ಹೋದ್ರೂ ಮೇವನ್ನೇ ನೋಡುತ್ತೆ.

ತುದಿಯಲ್ಲಿ ಕಲ್ಲು ಪೇರಿಸಿದ ದೊಡ್ಡ ಗೋಡೆ ಇದೆ, ಗಾಳಿಗೆ ಮರೆ. ಅಲ್ಲಿ ಕೂತ ಹತ್ತು ನಿಮಿಷಕ್ಕೆ ಮೋಡ ಹರೀತು. ಒಂದು ಕಡೆ ಕೆರೆ, ಅದರ ಹಿಂದೆ ಕೇರ್ನ್ ಗಾರ್ಮ್ ಸಾಲು. ಇನ್ನೊಂದು ಕಡೆ ಅಬರ್ನೆಥಿ ಕಾಡು. ಕಾಲ ಕೆಳಗೆ ನೇರಳೆ. ಅಜ್ಜಿ ಬಿಸ್ಕತ್ತು ಕೊಟ್ಟು, ನಾಯಿ ಕರ್ಕೊಂಡು ಇಳಿದು ಹೋದ್ರು.

ಫೋನಲ್ಲಿ ಸಿಗ್ನಲ್ ಬಂದಿತ್ತು, ಚಾರ್ಜ್ 17. ಇಲ್ಲಿ ಮಧ್ಯಾಹ್ನ ಒಂದೂವರೆ, ಊರಲ್ಲಿ ಸಂಜೆ ಆರು. ಅಪ್ಪನಿಗೆ ವಿಡಿಯೋ ಕಾಲ್ ಮಾಡಿದೆ. ಗುಡ್ಡ ತೋರಿಸಿದೆ. ಮೊದಲ ಪ್ರಶ್ನೆ ನನ್ನ ಬಗ್ಗೆ ಅಲ್ಲ: "ಅದನ್ನ ಕುರಿ ತಿಂತಾವೇನು?" ಹೂಂ, ಚಳಿಗಾಲದಾಗ ಬ್ಯಾರೆ ಮೇವು ಇಲ್ಲದಾಗ ತಿಂತಾವಂತ ಅಂದೆ. "ಹಂಗಾರ ಚಲೋ ಗಿಡ" ಅಂದ್ರು. ಗುಡ್ಡದ ಹೆಸರು ಹೇಳಿದೆ. ಅಪ್ಪ ನಕ್ಕರು. ಆ ನಗು ನೋಡಿ ನನಗೆ ತಡೆಯೋಕಾಗಲಿಲ್ಲ. ಹೇಳಿಬಿಟ್ಟೆ. ಕಂಪನಿ ಅಲ್ಲ ಅಪ್ಪಾ, ಗೋಡೌನು. ಓದಿದ ಕೆಲಸ ಸಿಕ್ಕಿಲ್ಲ. ವೀಸಾ ಇನ್ನೊಂದು ವರ್ಷಕ್ಕಿಂತ ಕಮ್ಮಿ ಇದೆ. ನಿನ್ನ ಅರವತ್ತು ಕುರಿ ನಾನು ಕಳೆದೆ.

ಸ್ವಲ್ಪ ಹೊತ್ತು ಮಾತಿಲ್ಲ. ನೆಟ್‌ವರ್ಕ್ ಹೋಯ್ತೇನೋ ಅಂದ್ಕೊಂಡೆ. ಆಮೇಲೆ ಅಪ್ಪ ಅಂದ್ರು: "ಗೋಡೌನ್ ಆದ್ರೇನು ತಮ್ಮಾ, ದುಡದು ತಿನ್ನಾಕತ್ತಿ. ನಾನೂ ನಿನಗ ಒಂದ್ ಮಾತು ಹೇಳಿಲ್ಲ. ಮನ್ಯಾಗ ಕುಂತೀನಿ ಅಂತ ಹೇಳಿದ್ನಲ್ಲ, ಕುಂತಿಲ್ಲ. ಹಿಂಡ ಮಾರಿದ ಎಂಟು ದಿನಕ್ಕ ಮಂದಿ ಕುರಿ ಕಾಯಾಕ ಕೂಲಿಗೆ ಹೊಂಟೀನಿ. ನೀ ನೊಂದ್ಕೋತಿ ಅಂತ ಹೇಳ್ಲಿಲ್ಲ."

ಕ್ಯಾಮೆರಾ ತಿರುಗಿಸಿದ್ರು. ನಮ್ಮ ಮನೆ ಅಲ್ಲ ಅದು. ಯಾರದ್ದೋ ಹೊಲ, ಸಂಜೆ ಬಿಸಿಲು, ಯಾರದ್ದೋ ಕುರಿಗಳು. ಅಷ್ಟು ದಿನ ಅಪ್ಪ ನನ್ನ ಕಾಲ್ ಬಂದಾಗೆಲ್ಲ ಮುಖ ಮಾತ್ರ ತೋರಿಸ್ತಿದ್ದದ್ದು ಯಾಕೆ ಅಂತ ಆಗ ಗೊತ್ತಾಯ್ತು. ನಾನೂ ಗೋಡೌನಿಂದ ಕಾಲ್ ಮಾಡುವಾಗ ಗೋಡೆಗೆ ಒರಗಿ ಮುಖ ಮಾತ್ರ ತೋರಿಸ್ತಿದ್ದೆ. ಇಬ್ಬರೂ ಅತ್ತಿದ್ದು ನಿಜ. ಇಬ್ಬರೂ ಗಾಳಿ ಅಂತ ಹೇಳಿದ್ದೂ ನಿಜ.

ಇಳಿಯೋ ದಾರಿ ಪಶ್ಚಿಮಕ್ಕೆ, ಪಕ್ಕದ ಗುಡ್ಡದ ಜೊತೆ ಸೇರೋ ತಗ್ಗಿಗೆ ಬಂದು, ಎಡಕ್ಕೆ ತಿರುಗಿ ಕಾಡೊಳಗೆ ಹಾದು ಮತ್ತೆ ಗ್ಲೆನ್‌ಮೋರ್. ಪಾದ ನೋವಿತ್ತು, ನಿಧಾನ ಇಳಿದೆ. ದಾರಿ ಬಿಡಲಿಲ್ಲ. ಆ ರೀಲ್ ಪೋಸ್ಟ್ ಮಾಡಲಿಲ್ಲ, ಇನ್ನೂ ಫೋನಲ್ಲಿದೆ: ಹದಿನೈದು ಸೆಕೆಂಡಿನಲ್ಲಿ ಹನ್ನೊಂದನೇ ಸೆಕೆಂಡಿಗೆ ನಾನು ಗುಂಡಿಗೆ ಬೀಳ್ತೀನಿ.

ಈಗ ನಾನು ಇದನ್ನು ರೆಕಾರ್ಡ್ ಮಾಡ್ತಿರೋದು ಎಡಿನ್‌ಬರೋದ ಅದೇ ರೂಮಿಂದ. ಕೆಲಸ ಇನ್ನೂ ಸಿಕ್ಕಿಲ್ಲ. ಅರ್ಜಿ ಹಾಕ್ತಾನೇ ಇದೀನಿ. ವೀಸಾ ಮುಗಿಯೋದರೊಳಗೆ ಆಗಲಿಲ್ಲ ಅಂದ್ರೆ ವಾಪಸ್ ಬರ್ತೀನಿ, ಅದನ್ನೂ ಅಪ್ಪನಿಗೆ ಹೇಳಿದೀನಿ. ನಾನು ಕಳಿಸಿದ ಗೋಡೌನ್ ದುಡ್ಡಲ್ಲಿ ಹೋದ ತಿಂಗಳು ಅಪ್ಪ ಹತ್ತು ಕುರಿಮರಿ ತಂದಿದ್ದಾರೆ. ಈಗ ವಿಡಿಯೋ ಕಾಲ್‌ನಲ್ಲಿ ಅಪ್ಪನ ಮುಖ ಕಾಣಲ್ಲ, ಬರೀ ಮರಿಗಳೇ ಕಾಣ್ತಾವೆ. ನಾನೂ ಗೋಡೌನ್ ತೋರಿಸ್ತೀನಿ. "ಭಾಳ ದೊಡ್ಡದೈತಿ ಬಿಡೋ, ಎಷ್ಟು ಕುರಿ ಹಿಡೀಬಹುದು ಅದರಾಗ" ಅಂತಾರೆ.

ಇಷ್ಟೇ ಇವತ್ತಿನ ಮಾತು. ನಿಮ್ಮ ಊರ ಹತ್ತಿರದ ಸಣ್ಣ ಗುಡ್ಡ ಯಾವುದು, ಅದರ ಹೆಸರಿನ ಅರ್ಥ ಏನು, ಗೊತ್ತಿದ್ರೆ ವಾಯ್ಸ್ ನೋಟ್ ಕಳಿಸಿ. ಗೊತ್ತಿಲ್ಲದಿದ್ರೆ ಮನೇಲಿ ಹಿರಿಯರಿಗೆ ಒಂದು ಕಾಲ್ ಮಾಡಿ ಕೇಳಿ. ಮುಖ ಮಾತ್ರ ತೋರಿಸಬೇಡಿ, ಕೂತಿರೋ ಜಾಗನೂ ತೋರಿಸಿ. ಮತ್ತೆ ಸಿಗೋಣ, ನಮಸ್ಕಾರ.